ಮನೀಷಾಳ ಟಿವಿ ನುಂಗಿದ ಸೇರು

ನಮ್ಮ ಮನೆಗೂ ಮನೀಷಾಳ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಗೋಡೆಗೆ ಕಿವಿ ಇರುತ್ತದೆ ಎನ್ನುತ್ತಾರೆ. ನಮ್ಮ ಗೋಡೆಗೆ ಇದೆಯೋ ಇಲ್ಲವೋ, ಅದರ ಈಚೆ ಕೂತಿರುವ ನನಗಂತೂ ಎರಡಿವೆ. ಅವರ ಒಗ್ಗರಣೆಗೆ ಮೆಣಸಿನಕಾಯಿ ಹೆಚ್ಚಾದರೆ ಇಲ್ಲಿ ನಾನು ಸೀನುತ್ತೇನೆ. ಆದ್ದರಿಂದ ಇಲ್ಲಿ ಹೇಳುವುದು ಗಾಳಿಮಾತಲ್ಲ. ಅರ್ಧ ಕಣ್ಣಾರೆ ಕಂಡದ್ದು, ಉಳಿದರ್ಧ ಗೋಡೆಯಾಚೆಯಿಂದ ಕೇಳಿಸಿಕೊಂಡದ್ದು.

ಮನೀಷಾಳ ತವರು ಮುಡಬಿ. ನಮ್ಮ ಊರಾದ ಬಸವಕಲ್ಯಾಣದ ಕಾಲೇಜಿನಲ್ಲಿ ಬಿಸಿಎ ಓದಿ, ನಮ್ಮ ಓಣಿಯ ದತ್ತುವನ್ನು ಮದುವೆಯಾಗಿ ಇಲ್ಲಿಗೆ ಬಂದಳು. ದತ್ತುವಿನದು ಒಕ್ಕಲುತನ, ಊರ ಹೊರಗೆ ಹೊಲ, ಅದರಲ್ಲಿ ತೊಗರಿ, ಜೋಳ, ಸೋಯಾ. ಇವಳು ದಿನಾ ಬಸ್ಸು ಹತ್ತಿ ಹುಮನಾಬಾದಿಗೆ ಹೋಗುತ್ತಾಳೆ. ಅಲ್ಲಿ ವೆಬ್‌ಸೈಟ್ ಮಾಡಿಕೊಡುವ ಒಂದು ಪುಟ್ಟ ಆಫೀಸು. ಔಷಧಿ ಕಾರ್ಖಾನೆಯಿಂದ ಹಿಡಿದು ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯವರೆಗೆ ಕೇಳಿದವರಿಗೆಲ್ಲ ಇಂಟರ್‌ನೆಟ್ಟಿನಲ್ಲಿ ಪುಟ ಕಟ್ಟಿ ಕೊಡುವುದು ಅವಳ ಕೆಲಸ. ನಾನು ಅದೇ ಹುಮನಾಬಾದಿನಲ್ಲಿ ಕನ್ನಡ ಟೀಚರ್. ಇಬ್ಬರಿಗೂ ಒಂದೇ ಬಸ್ಸು, ಹೆಚ್ಚಾಗಿ ಒಂದೇ ಸೀಟು. ನಾನು ಪರೀಕ್ಷೆ ಪೇಪರ್ ತಿದ್ದುತ್ತಿರುತ್ತೇನೆ, ಅವಳು ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ತನ್ನ ಕೋಡ್ ತಿದ್ದುತ್ತಿರುತ್ತಾಳೆ. ನನ್ನ ಹುಡುಗರ ತಪ್ಪುಗಳು ಓದಿದ ಕೂಡಲೇ ಕಾಣುತ್ತವೆ, ಅವಳ ತಪ್ಪುಗಳು ಕಾಣುವುದಿಲ್ಲ. ನಮ್ಮಿಬ್ಬರ ನಡುವೆ ಇರುವ ವ್ಯತ್ಯಾಸ ಇಷ್ಟೇ ಎಂದು ನಾನು ಅವಳನ್ನು ಛೇಡಿಸುತ್ತಿರುತ್ತೇನೆ.

ಮಾತು ಕಡಿಮೆಯ ಹುಡುಗಿ. ಅವಳ ಕೆಲಸ ಹೇಗೆ ನಡೆದಿದೆ ಎಂದು ತಿಳಿಯಬೇಕಾದರೆ ಮುಖ ನೋಡಬಾರದು, ಜಡೆ ನೋಡಬೇಕು. ಕೋಡ್ ಹೇಳಿದ ಮಾತು ಕೇಳದಿದ್ದಾಗ ಜಡೆ ಬಿಚ್ಚುತ್ತಾಳೆ, ಮತ್ತೆ ಹೆಣೆಯುತ್ತಾಳೆ, ಮತ್ತೆ ಬಿಚ್ಚುತ್ತಾಳೆ. ಒಮ್ಮೊಮ್ಮೆ ದಾರಿಯಲ್ಲಿನ ರಾಜೇಶ್ವರ ಊರು ದಾಟುವಷ್ಟರಲ್ಲಿ ಕೂದಲು ಹರಡಿಕೊಂಡು ಕೂತಿರುವುದನ್ನು ನೋಡಿ, ಮೈಮೇಲೆ ದೇವರು ಬಂದಿದೆ ಎಂದುಕೊಂಡು ಪಕ್ಕದ ಸೀಟಿನ ಮುದುಕಿಯರು ಕೈ ಮುಗಿದದ್ದೂ ಉಂಟು.

ಇನ್ನು ಅವಳ ಅತ್ತೆ ಶೇವಂತಾಬಾಯಿ. ನಮ್ಮ ಓಣಿಯ ವಿಠ್ಠಲ ಮಂದಿರದಲ್ಲಿ ವರ್ಷಕ್ಕೊಮ್ಮೆ ಸಪ್ತಾಹ ನಡೆಯುತ್ತದೆ. ವಾರವಿಡೀ ಭಜನೆ, ಕೀರ್ತನೆ, ಬಂದವರಿಗೆಲ್ಲ ಊಟ. ಊಟಕ್ಕೆ ಬೇಕಾದ ಕಾಳು ಓಣಿಯ ಮನೆಗಳಿಂದಲೇ ಬರಬೇಕು. ಸಪ್ತಾಹ ಶುರುವಾಗುವ ಮುಂಚೆ ಕೆಲವು ಸಂಜೆ ಎಲ್ಲರೂ ಚೀಲ ಹಿಡಿದು ಮಂದಿರದ ಕಟ್ಟೆಗೆ ಬರುತ್ತಾರೆ. ಅಲ್ಲಿ ಹಿತ್ತಾಳೆಯ ಸೇರು ಹಿಡಿದು ಕಾಳು ಅಳೆಯುವವಳು ಶೇವಂತಾಬಾಯಿ. ಆಕೆಯ ಅತ್ತೆ ಅಳೆಯುತ್ತಿದ್ದಳು, ಅತ್ತೆಯ ಕೈ ನಡುಗಲು ಶುರುವಾದ ಮೇಲೆ ಈಕೆಯ ಕೈಗೆ ಬಂತು. ಸಂಬಳವಿಲ್ಲ, ಶಾಲು ಹೊದಿಸುವುದಿಲ್ಲ, ಯಾರೂ ಚುನಾಯಿಸಿದ್ದೂ ಅಲ್ಲ. ಆದರೂ ಆ ಸಂಜೆಗಳಲ್ಲಿ ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತಳೆಂದರೆ ಎಂ.ಎಲ್.ಎ. ಬಂದರೂ ಚಪ್ಪಲಿ ಬಿಟ್ಟು ಸರದಿಯಲ್ಲೇ ನಿಲ್ಲಬೇಕು.

ನಮ್ಮ ಕಡೆ ಕಾಳು ಅಳೆಯುವಾಗ ಮೊದಲ ಸೇರನ್ನು ಯಾರೂ ಒಂದು ಎನ್ನುವುದಿಲ್ಲ. ಲಾಭ ಎನ್ನುತ್ತಾರೆ. ಲಾಭ, ಎರಡು, ಮೂರು, ನಾಲ್ಕು, ಹೀಗೆ. ರಾಶಿಯ ಮುಂದೆ ಒಂಟಿ ಮಾತು ಆಡಬಾರದು, ಬರಕತ್ತು, ಅಂದರೆ ಕಾಳಿನ ಏಳಿಗೆ, ಹೋಗುತ್ತದೆ ಎಂದು ನಂಬಿಕೆ. ಶೇವಂತಾಬಾಯಿ ಸೇರು ತುಂಬಿ, ಅಂಗೈಯಿಂದ ಮೇಲೆ ಸವರಿ, "ಲಾಭ" ಎಂದು ರಾಗವಾಗಿ ಕೂಗಿದರೆ ಕಟ್ಟೆಯ ತುದಿಯಲ್ಲಿ ತೂಕಡಿಸುವ ನಾಯಿ ಕೂಡ ಕಿವಿ ನಿಮಿರಿಸುತ್ತದೆ.

ಎಲ್ಲ ಸುಸೂತ್ರವಾಗಿಯೇ ನಡೆದಿತ್ತು. ಕೆಡಿಸಿದ್ದು ಹುಲಸೂರ. ಮಂದಿರದ ಹಿರಿಯರಾದ ಶ್ರೀಮಂತ ಕಾಕಾ ಬೀಗರ ಊರೆಂದು ಹುಲಸೂರದ ಸಪ್ತಾಹಕ್ಕೆ ಹೋದವರು ಅಲ್ಲಿ ದೊಡ್ಡ ಟಿವಿಯಲ್ಲಿ ದಾನ ಕೊಟ್ಟವರ ಹೆಸರು ಬರುವುದನ್ನು ನೋಡಿ ಬಂದರು. ಅಂದಿನಿಂದ ಅವರಿಗೆ ಊಟ ರುಚಿಸಲಿಲ್ಲ. ನಿನ್ನೆ ಮೊನ್ನೆ ತಾಲೂಕಾದ ಹುಲಸೂರದವರ ಹತ್ತಿರ ಟಿವಿ ಇದ್ದು ನಮ್ಮ ಹತ್ತಿರ ಇಲ್ಲವೆಂದರೆ ಕಲ್ಯಾಣದ ಮಾನ ಏನಾಗಬೇಕು? ಮರುದಿನ ಬೆಳಿಗ್ಗೆಯೇ ಮನೀಷಾಳ ಮನೆಯ ಬಾಗಿಲಿಗೆ ಬಂದು ನಿಂತರು.

"ತಂಗೀ, ನೀ ಹುಮನಾಬಾದದಾಗ ಏನೋ ಮಾಡ್ತಿಯಂತಲ್ಲ, ಅದನ್ನೇ ನಮ್ಮ ವಿಠ್ಠಲಗೂ ಜರಾ ಮಾಡಿಕೊಡವ್ವ. ಯಾರು ಎಷ್ಟು ಸೇರು ಕೊಟ್ಟರು ಅಂತ ಟಿವಿ ಮ್ಯಾಲ ಬರಬೇಕು ನೋಡು."

ಮನೀಷಾ ತಲೆಯಾಡಿಸಿದಳು. ಕೆಲಸವೇನೂ ದೊಡ್ಡದಲ್ಲ. ಒಂದೊಂದು ಮನೆಗೂ ಒಂದು ಸಾಲು. ಅವರ ಕೋಡಿನ ಭಾಷೆಯಲ್ಲಿ ಅದಕ್ಕೆ ಅರೇ ಎನ್ನುತ್ತಾರಂತೆ. ನನಗೆ ಸಾಲು ಎಂದರೆ ಸಾಕು. ಆ ಮನೆಯವರು ಕೊಟ್ಟ ಸೇರುಗಳು ಅದರಲ್ಲಿ ಒಂದರ ಹಿಂದೆ ಒಂದು ಕೂರಬೇಕು, ಯಾವ ಸೇರು ಜೋಳ, ಯಾವುದು ಗೋಧಿ, ಯಾವುದು ತೊಗರಿ ಬೇಳೆ ಎಂದು. ಶೇವಂತಾಬಾಯಿ ಕೂಗಿದ ಹಾಗೆ ದತ್ತು ಫೋನಿನ ಮೇಲೆ 1, 2, 3 ಎಂಬ ಬಟನ್ ಒತ್ತುತ್ತಾ ಹೋಗಬೇಕು. ಕೊನೆಗೆ ಅವಳು ಬರೆದ ಸ್ಕ್ರಿಪ್ಟ್ ಸಾಲಿನಲ್ಲಿ ಕೂತ ಸೇರುಗಳನ್ನು ಎಣಿಸಿ ಟಿವಿಗೆ ಕಳಿಸುತ್ತದೆ. ಮನೀಷಾ ಅದನ್ನು ಎರಡು ಬಸ್ ಪ್ರಯಾಣದಲ್ಲಿ ಕಟ್ಟಿ ಮುಗಿಸಿದಳು. ಆಫೀಸಿನ ಗೆಳೆಯ ಒವೈಸ್‌ಗೆ ಒಂದು ಪ್ರತಿ ಕಳಿಸಿದಳು. ಅವನು ಮನಸ್ಸಿಗೆ ಬಂದ ಹಾಗೆಲ್ಲ ಒತ್ತಿ ನೋಡಿ, ಎಲ್ಲ ಬರೋಬರ್ ಇದೆ ಎಂದ. ಜಡೆ ಬಿಚ್ಚುವ ಪ್ರಸಂಗವೇ ಬರಲಿಲ್ಲ.

ಅಳತೆ ಶುರುವಾಗುವ ದಿನ ಬೆಳಿಗ್ಗೆ ಶೇವಂತಾಬಾಯಿ ಮಗನ ಫೋನನ್ನು ಇಸಿದುಕೊಂಡು ನೋಡಿದಳು. ಆಮೇಲೆ ನಡೆದದ್ದು ಗೋಡೆ ದಾಟಿ ಬಂತು.

"ಏ ಮನೀಷಾ, ಇದೇನಿದು, ಮೊದಲಿಗೇ ಒಂದು ಅಂತ ಬರದಿ?"

"ಮತ್ತೇನು ಬರಿಯೋದು ಅತ್ತಿ, ಮೊದಲನೇದು ಒಂದೇ ಅಲ್ಲೇನ್ರಿ?"

"ನಿಮ್ಮ ಮುಡಬ್ಯಾಗ ರಾಶಿ ಮುಂದ ಒಂದು ಅಂತಾರೇನ? ನಿಮ್ಮಪ್ಪ ಹ್ಯಾಂಗ ಅಳಿತಾನ? ಲಾಭ ಅನ್ನಬೇಕು. ದೇವರ ಕಾಳದು. ಲಾಭ ಅಂತ ಬರಿ, ಇಲ್ಲಾಂದ್ರ ಈ ಡಬ್ಬಿ ನನ್ನ ಮುಂದ ತರಬ್ಯಾಡ."

ಮನೀಷಾಗೂ ನಾಚಿಕೆಯಾಯಿತು. ಅವಳೂ ರಾಶಿಯ ಪಕ್ಕದಲ್ಲೇ ಆಡಿ ಬೆಳೆದವಳು. ಅವಳ ಅಪ್ಪನೂ ಲಾಭ ಎಂದೇ ಅಳೆಯುವುದು. ಆಫೀಸಿನ ಚಟ, ಬೆರಳು ತಾನಾಗಿ 1 ಎಂದು ಬರೆದುಬಿಟ್ಟಿತ್ತು. ನಿಂತ ನಿಲುವಿನಲ್ಲೇ ಲ್ಯಾಪ್‌ಟಾಪ್ ತೆರೆದು, ಬಟನಿನ ಮೇಲಿದ್ದ 1 ಅಳಿಸಿ ಲಾಭ ಎಂದು ಬರೆದಳು. ಮತ್ತೆ ಪರೀಕ್ಷೆ ಮಾಡಲಿಲ್ಲ. ಬದಲಾಗಿದ್ದು ಬಟನಿನ ಮೇಲಿನ ಬರಹ ತಾನೆ? ಬಾಗಿಲ ಮೇಲಿನ ಹೆಸರು ಬದಲಿಸಿದರೆ ಮನೆ ಬೀಳುತ್ತದೆಯೇ? ಹೀಗೆಂದುಕೊಂಡು ಬಸ್ಸಿಗೆ ಓಡಿ ಬಂದಳು.

ಆ ದಿನ ಸಂಜೆ ಕಟ್ಟೆಯ ತುಂಬ ಜನ. ಬಾಡಿಗೆಯ ಟಿವಿ ಬಂದಿತ್ತು, ಆದರೆ ಅದನ್ನು ಹಚ್ಚಿರಲಿಲ್ಲ. ಆರತಿ ಆದ ಮೇಲೆ ತೆಂಗಿನಕಾಯಿ ಒಡೆದು ತಾವೇ ಬಟನ್ ಒತ್ತುವುದೆಂದು ಶ್ರೀಮಂತ ಕಾಕಾ ಅದಕ್ಕೆ ಹೂವಿನ ಹಾರ ಹಾಕಿ ಕೂರಿಸಿದ್ದರು. ಶೇವಂತಾಬಾಯಿ ಅಳೆದಳು, ದತ್ತು ಒತ್ತಿದ. ನನ್ನ ಅವ್ವ ಧೂಳಮ್ಮನೂ ಹೋದಳು. ನಮ್ಮದು ಕುರಿ ಕಾಯುವ ಮನೆತನ, ಅಪ್ಪ ಅಮೋಘಸಿದ್ದಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಅಪ್ಪನ ಹೆಸರಿನಲ್ಲಿ ಅವ್ವ ಪ್ರತಿ ಸಪ್ತಾಹಕ್ಕೆ ಒಂದು ಸೇರು ಜೋಳ ಕೊಡುತ್ತಾಳೆ. ಒಂದೇ ಸೇರು, ಆದರೆ ಕಲ್ಲು, ಕಸ ಎಲ್ಲ ತೆಗೆದು, ಒಂದೊಂದೇ ಕಾಳು ಆರಿಸಿದ್ದು. ಅಳತೆ ಮುಗಿದ ಹಾಗೆಲ್ಲ ಕಾಳನ್ನು ಚೀಲಕ್ಕೆ ಸುರಿದು ನೇರ ಹಿಟ್ಟಿನ ಗಿರಣಿಗೆ ಕಳಿಸಿದರು.

ಆರತಿ ಆಯಿತು, ಕಾಯಿ ಒಡೆಯಿತು, ಟಿವಿ ಹೊತ್ತಿತು. ಮೊದಲು ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಓದಿದರು. ಓದಿದ ಮೇಲೆ ಚಪ್ಪಾಳೆ ನಿಂತಿತು. ಮೂರು ಸೇರು ಕೊಟ್ಟವರ ಮುಂದೆ ಎರಡು ಎಂದಿತ್ತು, ಐದು ಕೊಟ್ಟವರ ಮುಂದೆ ನಾಲ್ಕು. ನಮ್ಮಪ್ಪನ ಹೆಸರು ಸುತ್ತಲೂ ಬಣ್ಣದ ಹೂವಿನ ಚೌಕಟ್ಟಿನೊಳಗೆ ಬಂತು: ಅಮೋಘಸಿದ್ದಪ್ಪ, ಸೊನ್ನೆ.

ಅವ್ವನಿಗೆ ಓದಲು ಬರುವುದಿಲ್ಲ. "ಏನದ ಅಲ್ಲಿ?" ಎಂದು ನನ್ನನ್ನು ಕೇಳಿದಳು. ಹಿಂದೆ ನಿಂತ ಯಾರೋ ಹೇಳಿಬಿಟ್ಟರು. ಅವ್ವ ತನ್ನ ಖಾಲಿ ಚೀಲವನ್ನು ಒಮ್ಮೆ ತಿರುವಿ ನೋಡಿದಳು, ಜೋಳ ಅದರಲ್ಲೇ ಉಳಿಯಿತೇನೋ ಎನ್ನುವ ಹಾಗೆ. ನನಗೆ ಆ ಕ್ಷಣ ಟಿವಿಗೆ ಕಲ್ಲು ಒಗೆಯಬೇಕೆನ್ನಿಸಿತು. ಟೀಚರ್ ಆದ್ದರಿಂದ ಒಗೆಯಲಿಲ್ಲ.

ಊರ ಬಾಯಿಗೆ ಮುಚ್ಚಳ ಇಲ್ಲ. ಟಿವಿಯಲ್ಲಿ ಬಂದದ್ದು ಸುಳ್ಳಾಗಲು ಸಾಧ್ಯವಿಲ್ಲ, ಕೊಟ್ಟವರೂ ಸುಳ್ಳು ಹೇಳುತ್ತಿಲ್ಲ. ಹಾಗಾದರೆ ನಡುವೆ ಉಳಿದವರು ಯಾರು? ಸೇರು ಹಿಡಿದವಳು. ತಿರುಗಿ ಅಳೆಯೋಣವೆಂದರೆ ಕಾಳು ಆಗಲೇ ಹಿಟ್ಟಾಗಿತ್ತು. "ಕೈ ಅಲ್ಲಾಡಸ್ತಾಳಂತ ಕಾಣ್ತದ", "ವಯಸ್ಸಾಯ್ತು, ಲೆಕ್ಕ ತಪ್ಪಾಕತ್ತದ" ಎಂದು ಪಿಸುಮಾತುಗಳು ಶುರುವಾದವು. ಇನ್ನೊಂದು ಮಾತೂ ಬಂತು, ಅದನ್ನು ಬರೆಯಲು ನನ್ನ ಕೈ ಬರುವುದಿಲ್ಲ. ನಮ್ಮ ಮನೆಯ ಜೋಳ ಕಾಣೆಯಾಗಿದ್ದರೂ ಆ ಮಾತು ಕೇಳಿ ನನಗೆ ಸಿಟ್ಟು ಬಂತು. ಶೇವಂತಾಬಾಯಿ ಜಗಳಗಂಟಿ, ಹಟಮಾರಿ, ನಮ್ಮ ಗೋಡೆಗೆ ಬೆರಣಿ ತಟ್ಟಿದವಳು, ಎಲ್ಲ ಸರಿ. ಆದರೆ ದೇವರ ಕಾಳಿನ ಒಂದು ಹಿಡಿ ಆಕೆಯ ಮನೆ ಸೇರುವುದಿಲ್ಲ.

ಶ್ರೀಮಂತ ಕಾಕಾಗೆ ಇಕ್ಕಟ್ಟಾಯಿತು. ಟಿವಿ ತಪ್ಪು ಎಂದರೆ ಹುಲಸೂರದವರು ನಗುತ್ತಾರೆ. ಕೆಮ್ಮಿ, ಕೆಮ್ಮಿ, ಕೊನೆಗೆ ಹೇಳಿದರು: "ಶೇವಂತಾ, ನಿನಗೂ ದಣಿವಾಗಿರಬೇಕವ್ವ. ನಾಳಿ ಸಂಜಿಗೆ ಗಯಾಬಾಯಿ ಅಳೀಲಿ. ನೀ ಆರಾಮ ಕುಂದ್ರು."

ಶೇವಂತಾಬಾಯಿ ಬೈಯುತ್ತಾಳೆ ಎಂದು ಎಲ್ಲರೂ ಕಾದರು. ಆಕೆ ಸೇರನ್ನು ಸೆರಗಿನಿಂದ ಒರೆಸಿ ವಿಠ್ಠಲನ ಪಾದದ ಹತ್ತಿರ ಇಟ್ಟು, ಚಪ್ಪಲಿ ಮೆಟ್ಟಿಕೊಳ್ಳದೆ ಮನೆಗೆ ನಡೆದಳು. ಚಪ್ಪಲಿಗಳನ್ನು ಹಿಂದಿನಿಂದ ನಾನೇ ತಂದುಕೊಟ್ಟೆ. ಗೋಡೆಯಾಚೆ ಪಾತ್ರೆಯ ಸದ್ದು ಕೂಡ ಕೇಳಿಸಲಿಲ್ಲ.

ಮರುದಿನ ಶನಿವಾರ, ನನಗೆ ಬೆಳಗಿನ ಶಾಲೆ. ನಾನು ಹೊರಡುವಾಗ ಪಕ್ಕದ ಅಂಗಳದಲ್ಲಿ ವಿಚಾರಣೆ ನಡೆದಿತ್ತು. ಮೊದಲ ಅನುಮಾನ ದತ್ತುವಿನ ಹೆಬ್ಬೆರಳಿನ ಮೇಲೆ. ನೇಗಿಲು, ಕುಡುಗೋಲು ಹಿಡಿದು ಗಟ್ಟಿಯಾದ ಬೆರಳು; ಮೊದಲ ಸಲ ಒತ್ತಿದ್ದು ಫೋನಿಗೆ ತಿಳಿಯುವುದಿಲ್ಲವೇನೋ ಎಂದು ಮನೀಷಾ ಅವನಿಂದ ಮತ್ತೆ ಮತ್ತೆ ಒತ್ತಿಸುತ್ತಿದ್ದಳು. ಸೋಪು ಹಚ್ಚಿ ಕೈ ತೊಳೆಸಿದಳು, ಕೊಬ್ಬರಿ ಎಣ್ಣೆ ಹಚ್ಚಿಸಿದಳು.

"ಬೆರಳು ಬರೋಬರ್ ಅದ ಮಾರಾಯ್ತಿ," ಎಂದು ದತ್ತು ಗೋಳಾಡಿದ. "ನಾ ಒತ್ತಿದ ಕೂಡಲೇ ಅದು ಬಣ್ಣ ಬದಲಿ ಮಾಡ್ತದ ನೋಡು. ನಿನ್ನ ಡಬ್ಬಿ ತಪ್ಪು ಮಾಡಿ ನನ್ನ ಬೆರಳಿಗ್ಯಾಕ ಎಣ್ಣಿ ಹಚ್ತಿ?"

ಶೇವಂತಾಬಾಯಿ ಒಳಗಿನಿಂದ ಹೊರಗೆ ಬರಲಿಲ್ಲ. ಚಹಾ ಕೊಟ್ಟರೆ ಕುಡಿಯಲಿಲ್ಲ. ಬಸ್ಸಿನಲ್ಲಿ ಮನೀಷಾ ನನಗೆ ಹೇಳಿದಳು: "ಅಕ್ಕಾ, ಬೈದಿದ್ರ ಛಲೋ ಇತ್ತು ನೋಡ್ರಿ. ಆಕಿ ಬಾಯಿ ಮುಚ್ಚಿ ಕುಂತಾಳ. ಇವತ್ತು ಸಂಜಿಗೆ ಗಯಾಬಾಯಿ ಕೈಗೆ ಸೇರು ಹೋಯ್ತಂದ್ರ ಮತ್ತ ತಿರುಗಿ ಬರಂಗಿಲ್ಲ. ಅಷ್ಟರಾಗ ನಾ ಇದನ್ನ ಹುಡಕಬೇಕು." ಆಗಲೇ ಜಡೆ ಅರ್ಧ ಬಿಚ್ಚಿತ್ತು.

ಅವಳು ಆಫೀಸಿನಲ್ಲಿ ಅರ್ಧ ದಿನದ ರಜೆ ಕೇಳಿ, ಮಧ್ಯಾಹ್ನ ನನ್ನ ಜೊತೆಗೇ ಮರಳಿ ಬಸ್ಸು ಹತ್ತಿದಳು. ಮುಖ ಸಪ್ಪೆಯಾಗಿತ್ತು. ಒವೈಸ್ ತನ್ನ ಹತ್ತಿರ ಇದ್ದ ಪ್ರತಿಯಲ್ಲಿ ಎಷ್ಟೋ ಮನೆಗಳ ಹೆಸರು ಹಾಕಿ ಒತ್ತಿ ನೋಡಿದ್ದನಂತೆ. ಒಂದು ಸೇರೂ ಕಾಣೆಯಾಗಲಿಲ್ಲ. ಅವನು ನಕ್ಕು, "ಮೇಡಂ, ನಿಮ್ಮ ಕೋಡ್ ಹುಮನಾಬಾದದಾಗ ಈಮಾನದಾರ ಅದ, ಕಲ್ಯಾಣಕ್ಕ ಹೋದ ಕೂಡಲೇ ಚೋರ್ ಆಗ್ತದ. ಹವಾ ಬದಲಿ ಆಗಿ ಹಿಂಗ ಆಗಿರಬೇಕು" ಎಂದನಂತೆ. ಮನೀಷಾಗೆ ನಗು ಬರಲಿಲ್ಲ.

ಬಸ್ಸು ಹೆದ್ದಾರಿಗೆ ಬಂತು. ಅವಳು ಲ್ಯಾಪ್‌ಟಾಪ್ ತೆರೆದು, ಎಣಿಸುವ ಸಾಲುಗಳನ್ನೇ ದಿಟ್ಟಿಸುತ್ತ ಕೂತಳು. ಜಡೆ ಬಿಚ್ಚಿದಳು, ಹೆಣೆದಳು, ಬಿಚ್ಚಿದಳು. ನಾನು ಸಮಾಸದ ಪೇಪರ್ ತಿದ್ದುತ್ತ ಕೂತೆ. ನನಗೂ ಒಳಗೊಳಗೆ ಕಳವಳವಿತ್ತು, ಆದರೆ ಆ ವಿಷಯದಲ್ಲಿ ನನ್ನಿಂದ ಆಗಬೇಕಾದ್ದು ಏನೂ ಇರಲಿಲ್ಲ. ಅವಳು ತನ್ನಷ್ಟಕ್ಕೆ ಗೊಣಗುತ್ತಿದ್ದಳು: "ಒವೈಸನ ಹತ್ರ ಸರಿ ಅದ. ನನ್ನ ಹತ್ರ ತಪ್ಪು ಅದ. ಎರಡೂ ನಾನೇ ಬರದೀನಿ. ಎರಡೂ ಒಂದೇ." ಸ್ವಲ್ಪ ಹೊತ್ತಿನ ಮೇಲೆ, "ಎಣಿಸಿದ ಮ್ಯಾಲಿನ ಲೆಕ್ಕ ನೋಡಾಕತ್ತೇನಿ, ಎಣಿಸೋ ಮೊದಲು ಒಳಗ ಏನದ ಅಂತ ನೋಡೇ ಇಲ್ಲಲ್ಲ ನಾ" ಎಂದು ತಲೆಗೆ ಹೊಡೆದುಕೊಂಡಳು. ಬ್ರೌಸರಿನೊಳಗೆ ಒಂದು ಕಿಟಕಿ ಇರುತ್ತದಂತೆ, ಅದರಲ್ಲಿ ಸಾಲನ್ನು ಇದ್ದ ಹಾಗೆ ಬಿಚ್ಚಿ ನೋಡಬಹುದು. ಎಲ್ಲಕ್ಕಿಂತ ಚಿಕ್ಕ ಸಾಲನ್ನು ತೆರೆದಳು. ಅದು ನಮ್ಮಪ್ಪನ ಹೆಸರಿನದು.

ರಾಜೇಶ್ವರದ ಹತ್ತಿರ ಅವಳು ಕಿರುಚಿದ ರೀತಿಗೆ ಡ್ರೈವರ್ ಬ್ರೇಕ್ ಹಾಕಿದ.

"ಅಕ್ಕಾ! ನಿಮ್ಮ ಅವ್ವನ ಜೋಳ ಸಿಕ್ತು! ಇಲ್ಲೇ ಅದ!"

ಕಂಡಕ್ಟರ್ ಓಡಿ ಬಂದು ಸೀಟಿನ ಕೆಳಗೆ ಬಗ್ಗಿ ನೋಡಿದ. "ಯಾರದ್ರಿ ಚೀಲ? ಲಗೇಜ್ ಟಿಕೆಟ್ ತಗೊಂಡೀರೇನು?" ಎಂದ. ಅವನಿಗೆ ತಿಳಿಸಿ ಹೇಳುವಷ್ಟರಲ್ಲಿ ಬಸ್ಸಿನ ಅರ್ಧ ಜನಕ್ಕೆ ನಮ್ಮ ಓಣಿಯ ಕಥೆ ಗೊತ್ತಾಯಿತು.

ಆದದ್ದಿಷ್ಟು. ಸಾಲಿನಲ್ಲಿ ಕೂರುವ ಜಾಗಗಳಿಗೆ ಅಂಕಿಗಳೇ ಗುರುತು. ಮನೀಷಾ ಕೆಲಸ ಬೇಗ ಮುಗಿಯಲೆಂದು ಬಟನಿನ ಮೇಲೆ ಏನು ಬರೆದಿದೆಯೋ ಅದನ್ನೇ ಜಾಗದ ಗುರುತಾಗಿ ಕೊಟ್ಟಿದ್ದಳು. 1 ಎಂದಿದ್ದಾಗ ಒಂದನೇ ಜಾಗದಲ್ಲಿ ಜೋಳ ಕೂತಿತು. ಆ ಪ್ರತಿಯೇ ಒವೈಸ್ ಹತ್ತಿರ ಇದ್ದದ್ದು. 1 ಹೋಗಿ ಲಾಭ ಆದಾಗ ಆ ಹೆಸರಿನ ಜಾಗವೇ ಸಾಲಿನಲ್ಲಿ ಇಲ್ಲ. ಹಾಗೆಂದು ಅದು ಬೇಡ ಎನ್ನುವುದಿಲ್ಲ, ತಪ್ಪು ಎಂದು ಕೂಗುವುದಿಲ್ಲ. ಜೋಳವನ್ನು ಇಸಿದುಕೊಂಡು, ಲಾಭ ಎಂಬ ಚೀಟಿ ಹಚ್ಚಿ, ಪಕ್ಕಕ್ಕೆ ಇಟ್ಟುಕೊಳ್ಳುತ್ತದೆ. ಎಣಿಸುವಾಗ ಮಾತ್ರ ಅಂಕಿ ಇರುವ ಜಾಗಗಳನ್ನಷ್ಟೇ ನೋಡುತ್ತ ಹೋಗುತ್ತದೆ. ಸಪ್ತಾಹದ ಪಂಗತಿಯಲ್ಲಿ ಸಾಲಾಗಿ ಕೂತವರಿಗೆ ಬಡಿಸುತ್ತ ಹೋಗುವವನು ಕಂಬದ ಮರೆಯಲ್ಲಿ ಕೂತ ಮುದುಕನನ್ನು ಬಿಟ್ಟು ಹೋಗುವುದಿಲ್ಲವೇ, ಹಾಗೆ. ಮುದುಕ ಮಂದಿರದೊಳಗೇ ಇದ್ದಾನೆ, ಎಲೆಯೂ ಮುಂದಿದೆ, ಅನ್ನ ಮಾತ್ರ ಬೀಳಲಿಲ್ಲ.

"ಇದನ್ನ ಕಾಲೇಜಿನಾಗೇ ಕಲ್ತಿದ್ದೆ ಅಕ್ಕಾ," ಎಂದಳು ಮನೀಷಾ, ಕಣ್ಣಲ್ಲಿ ನೀರು ಬಂದಿತ್ತು, ನಗುತ್ತಲೂ ಇದ್ದಳು. "ಪರೀಕ್ಷೆದಾಗ ಬಂದಿತ್ತು. ಬರೋಬರ್ ಬರದಿದ್ದೆ."

"ಎಲ್ಲಾರೂ ಪರೀಕ್ಷೆದಾಗ ಬರೋಬರ್ ಬರೀತಾರ," ಎಂದೆ ನಾನು. ನನ್ನ ಕೈಯಲ್ಲಿದ್ದ ಪೇಪರ್ ನೋಡಿದರೆ ಅದೂ ಸುಳ್ಳೆನ್ನಿಸಿತು.

ಬಸ್ಸು ಕಲ್ಯಾಣ ಮುಟ್ಟುವ ಮೊದಲೇ ಅವಳು ತಿದ್ದಿದಳು. ಬಟನಿನ ಮೇಲೆ ಲಾಭವೇ ಉಳಿಯಿತು. ಒಳಗಿನ ಜಾಗಕ್ಕೆ ಬೇರೆ ಅಂಕಿ ಕೊಟ್ಟಳು. ಪಕ್ಕಕ್ಕೆ ಸರಿದಿದ್ದ ಎಲ್ಲ ಮೊದಲ ಸೇರುಗಳನ್ನೂ ಕರೆತಂದು ಅವುಗಳ ಜಾಗದಲ್ಲಿ ಕೂರಿಸಿದಳು. ಬಸ್‌ಸ್ಟ್ಯಾಂಡಿನಿಂದ ಓಣಿಯವರೆಗೆ ಅವಳ ಹಿಂದೆ ನಾನು ಓಡಬೇಕಾಯಿತು, ಈ ನೋಯುವ ಮೊಣಕಾಲು ಹೊತ್ತುಕೊಂಡು.

ಅತ್ತೆ ಒಳಗಿನ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಮನೀಷಾ ಎದುರಿಗೆ ಕೂತು ಹೇಳಿದಳು. ಲಾಭ ಎಂದು ಬದಲಿಸಿದ್ದು, ತಿರುಗಿ ಪರೀಕ್ಷೆ ಮಾಡದೆ ಹೋದದ್ದು, ಟಿವಿ ಮೊದಲ ಸೇರನ್ನು ಎಣಿಸದೆ ಬಿಟ್ಟದ್ದು, ಎಲ್ಲ. "ತಪ್ಪು ನಂದ್ರಿ ಅತ್ತಿ. ನಿಮ್ಮ ಕೈದಲ್ಲ. ಮಂದಿರದಾಗ ಎಲ್ಲಾರ ಮುಂದ ಹೇಳ್ತೀನಿ." ಶೇವಂತಾಬಾಯಿ ಕೇಳಿದ್ದು ಒಂದೇ ಮಾತು.

"ಈಗ ಒಳಗ ಮೊದಲನೇದಕ್ಕ ಏನಂತದ ಅದು?"

ಸುಳ್ಳು ಹೇಳಲು ಬಾರದ ಹುಡುಗಿ. "ಸೊನ್ನಿ ಅಂತದ್ರಿ. ಅದರ ಎಣಿಕಿ ಸೊನ್ನಿಯಿಂದ ಶುರು ಆಗ್ತದ."

"ಮೊದಲ ಸೇರಿಗೆ ಸೊನ್ನಿ?" ದನಿ ಒಮ್ಮೆಲೇ ಏರಿತು. "ಯಾ ದರಿದ್ರರ ಮನ್ಯಾಗ ಹುಟ್ಟೇದ ಈ ಮಿಷನ್? ಕಾಳು ಕಂಡಿದ್ದಿಲ್ಲೇನ ಅವರು? ಸೊನ್ನಿ ಅಂತ, ಸೊನ್ನಿ! ನೀ ಅದನ್ನ ಕಲಿಲಿಕ್ಕ ಮೂರು ವರ್ಷ ಕಾಲೇಜಿಗೆ ಹೋದಿ?"

ಬೈಗುಳ ಕೇಳಿ ನನಗೆ ಈಚೆ ಮನೆಯಲ್ಲಿ ಜೀವ ಬಂದಂತಾಯಿತು. ಆದರೆ ಸಂಜೆ ಮಂದಿರಕ್ಕೆ ಬಾ ಎಂದರೆ ಆಕೆ ಒಪ್ಪಲಿಲ್ಲ. "ನನ್ನ ಕೈಯಾಗಿಂದ ಸೇರು ತಗೊಂಡಾರ. ಕರೆಯದ ಮನಿಗೆ ನಾ ಹೋಗಂಗಿಲ್ಲ." ದತ್ತು ಬೇಡಿಕೊಂಡ, ಮನೀಷಾ ಬೇಡಿಕೊಂಡಳು, ನನ್ನ ಅವ್ವನೂ ಹೋಗಿ ಕರೆದು ಬಂದಳು. ಆಕೆ ಗೋಡೆ ಕಡೆ ತಿರುಗಿ ಮಲಗಿದಳು.

ಕಟ್ಟೆಯ ಮೇಲೆ ಗಯಾಬಾಯಿ ಹೊಸ ಸೀರೆ ಉಟ್ಟು ಸಿದ್ಧಳಾಗಿ ಕೂತಿದ್ದಳು. ಟಿವಿ ಈ ಸಲ ಮೊದಲಿಂದಲೇ ಹೊತ್ತಿತ್ತು. ಮನೀಷಾ ಮುಂದೆ ಹೋಗಿ ಹಿಂದಿನ ಸಂಜೆಯ ಲೆಕ್ಕವನ್ನು ಮತ್ತೆ ತೋರಿಸಿದಳು. ಎಲ್ಲರ ಸೇರುಗಳೂ ಮರಳಿ ಬಂದಿದ್ದವು. ನಾನು ಅವ್ವನ ಕಿವಿಯಲ್ಲಿ ಓದಿ ಹೇಳಿದೆ.

"ಹಂಗಾರ ನಿನ್ನೆ ತಪ್ಪು ಯಾರದು?" ಎಂದರು ಶ್ರೀಮಂತ ಕಾಕಾ. ಯಾರ ಮೇಲಾದರೂ ಹಾಕಿ ಮುಗಿಸುವ ಅವಸರ ಅವರಿಗೆ.

"ನಂದು ಕಾಕಾ," ಎಂದಳು ಮನೀಷಾ. "ನಾನೇ ಬರೋಬರ್ ನೋಡಲಿಲ್ಲ. ಅತ್ತಿ ಲೆಕ್ಕ ಖರೇ ಇತ್ತು."

ಜನಕ್ಕೆ ಯಾರಾದರೇನು, ಆಡಿಕೊಳ್ಳಲು ಒಬ್ಬರು ಬೇಕು. "ಕಲ್ತವರು ನೋಡ್ರಿ," ಎಂದು ಯಾರೋ ಅಂದರು. "ಹುಮನಾಬಾದಕ್ಕ ದಿನಾ ಹೋಗೋದು ಇದಕ್ಕೇನ?" ಎಂದು ಇನ್ನೊಬ್ಬರು. ನಗು ಕಟ್ಟೆಯ ಈ ತುದಿಯಿಂದ ಆ ತುದಿಗೆ ಹರಡಿತು. ನಾನೂ ಅವಳನ್ನು ದಿನಾ ಛೇಡಿಸುವವಳೇ, ಆದರೆ ಈ ನಗು ನನಗೆ ಸೇರಲಿಲ್ಲ. ಮನೀಷಾ ತಲೆ ತಗ್ಗಿಸಿ ನಿಂತಿದ್ದಳು. ಬಾಯಿ ತೆರೆಯಬೇಕೆಂದು ನಾನು ಎದ್ದೆ. ಅಷ್ಟರಲ್ಲಿ ಹಿಂದಿನಿಂದ ದನಿ ಬಂತು.

"ನಗಬ್ಯಾಡ್ರಿ."

ಶೇವಂತಾಬಾಯಿ. ಯಾವಾಗ ಬಂದು ನಿಂತಿದ್ದಳೋ. ತಲೆ ಬಾಚಿರಲಿಲ್ಲ, ಮಲಗಿದ್ದ ಸೀರೆಯಲ್ಲೇ ಬಂದಿದ್ದಳು. ಜನ ತಾವಾಗಿಯೇ ದಾರಿ ಬಿಟ್ಟರು.

"ಲಾಭ ಅಂತ ಬರಿ ಅಂದಾಕಿ ನಾನು. ಆಕಿ ಮೊದಲು ಬರೋಬರ್ ಬರದಿದ್ದಳು, ನಾ ಬದಲಿ ಮಾಡಿಸೀನಿ. ಏನಾರ ಅನ್ನೋದಿದ್ರ ನನಗ ಅನ್ರಿ, ಶ್ರೀಮಂತಣ್ಣಾ. ಮಿಷನ್ ನಮ್ಮ ಮನಿದು, ತಪ್ಪೂ ನಮ್ಮ ಮನಿದು. ಗಯಾ, ಸೇರು ಇತ್ತ ತಾ."

ಗಯಾಬಾಯಿ ಕೊಟ್ಟಳು. ಕೊಡದೆ ಇರುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ. ಶ್ರೀಮಂತ ಕಾಕಾ ಹಾರವನ್ನು ಸರಿಪಡಿಸುವ ನೆಪದಲ್ಲಿ ಟಿವಿಯ ಹಿಂದೆ ಹೋಗಿದ್ದರು. ಶೇವಂತಾಬಾಯಿ ಸೇರನ್ನು ಎರಡೂ ಕೈಯಲ್ಲಿ ಹಿಡಿದು ಒಮ್ಮೆ ತಿರುಗಿಸಿ ನೋಡಿದಳು. ಕೂತು ಅಳೆಯುತ್ತಾಳೆಂದು ನಾವೆಲ್ಲ ಅಂದುಕೊಂಡೆವು. ಆಕೆ ಅದನ್ನು ಸೊಸೆಯ ಕೈಗೆ ತುರುಕಿದಳು.

"ಅಳಿ."

"ನಾನ್ರಿ?"

"ಮತ್ತ್ಯಾರು? ನನ್ನ ಅತ್ತಿ ನನಗ ಕೊಟ್ಟಳು. ಸೆರಗು ಸಿಕ್ಕಿಸು. ಕುಂದ್ರು."

ಮನೀಷಾ ಕೂತಳು. ಕಣ್ಣು ಒರೆಸಿಕೊಳ್ಳಲೂ ಕೈ ಬಿಡುವಿಲ್ಲ, ಸೇರು ಹಿಡಿದಿದ್ದಳು. ಮೊದಲ ಚೀಲದಿಂದ ತುಂಬಿದಳು, ಹೆಚ್ಚಾದದ್ದನ್ನು ಅಂಗೈಯಿಂದ ಸವರಿದಳು. ಕೀಬೋರ್ಡಿನ ಮೇಲೆ ಓಡಾಡುವ ಬೆರಳುಗಳು ಕಾಳಿನ ಮೇಲೆ ತಡವರಿಸಿದವು. "ಲಾಭ," ಎಂದಳು. ಅತ್ತೆಯ ರಾಗ ಅದರಲ್ಲಿ ಇರಲಿಲ್ಲ. ದತ್ತು ಹೆಬ್ಬೆರಳು ಒತ್ತಿದ. ಕಟ್ಟೆಯ ಮೇಲಿದ್ದವರೆಲ್ಲ, ನಾನೂ ಮನೀಷಾಳೂ ಸೇರಿದಂತೆ, ಅಂಕಿ ಬರುತ್ತದೋ ಇಲ್ಲವೋ ಎಂದು ಒಮ್ಮೆಲೇ ಟಿವಿಯ ಕಡೆ ತಿರುಗಿದೆವು.

ಶೇವಂತಾಬಾಯಿ ತಿರುಗಲಿಲ್ಲ. ಸೊಸೆಯ ಕೈಯನ್ನೇ ನೋಡುತ್ತ, "ಅದನ್ಯಾಕ ನೋಡ್ತಿ, ಎರಡು ಅನ್ನು," ಎಂದಳು.